ಅಪರಾಧ ನ್ಯಾಯ ಪದವಿ: ಸಂಪಾದನೆ ಮತ್ತು ಸಾಲ (ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ)

ಪೊಲೀಸ್ ಠಾಣೆ, ನ್ಯಾಯಾಲಯ, ಕಾರಾಗೃಹ, ಪರಿವೀಕ್ಷಣೆ, ವಿಧಿವಿಜ್ಞಾನ ಪ್ರಯೋಗಾಲಯ ಇವುಗಳಲ್ಲಿನ ಕೆಲಸಕ್ಕೆ ಸಿದ್ಧಗೊಳಿಸುವ ಓದನ್ನು ಒಟ್ಟಾಗಿ ಅಪರಾಧ ನ್ಯಾಯ ಶಿಕ್ಷಣ ಎನ್ನಬಹುದು. ಅಮೆರಿಕದಲ್ಲಿ ಇದೇ ಹೆಸರಿನ ಪದವಿಗಳಿವೆ. ಕರ್ನಾಟಕದಲ್ಲಿ ಈ ಓದು ಮೂರು ಕವಲಾಗಿ ಒಡೆದಿದೆ. ಕಲಾ ಪದವಿಯ ಒಂದು ವಿಷಯವಾಗಿ ಮತ್ತು ಸ್ನಾತಕೋತ್ತರ ಪದವಿಯಾಗಿ ಅಪರಾಧಶಾಸ್ತ್ರ, 3 ಅಥವಾ 5 ವರ್ಷದ ಕಾನೂನು ಪದವಿ, ವಿಜ್ಞಾನದ ಕವಲಾದ ವಿಧಿವಿಜ್ಞಾನ. ಹಾವೇರಿ ಜಿಲ್ಲೆಯ ಮಧ್ಯಮ ಮತ್ತು ಬಡ ಕುಟುಂಬಗಳಿಗೆ ಈ ಆಯ್ಕೆ ವಿಷಯದ ಮೇಲಿನ ಪ್ರೀತಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಎಷ್ಟು ಸಾಲ ಮಾಡಬೇಕು, ಓದು ಮುಗಿದು ಎಷ್ಟು ವರ್ಷಕ್ಕೆ ಸಂಬಳ ಬಂದೀತು, ಅಷ್ಟರೊಳಗೆ ಕಂತು ಕಟ್ಟುವವರು ಯಾರು ಎಂಬ ಪ್ರಶ್ನೆಗಳೂ ಅದರ ಜೊತೆಗೇ ಬರುತ್ತವೆ.

ಹಿನ್ನೆಲೆ

ಭಾರತದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನಕ್ಕೆ ವಿಶ್ವವಿದ್ಯಾಲಯದ ವಿಭಾಗ ಮೊದಲು ತೆರೆದದ್ದು 1959ರಲ್ಲಿ, ಮಧ್ಯಪ್ರದೇಶದ ಸಾಗರದಲ್ಲಿ. ಕರ್ನಾಟಕದಲ್ಲಿ ಈ ವಿಷಯ ಬೇರುಬಿಟ್ಟ ಊರುಗಳಲ್ಲಿ ಧಾರವಾಡ ಮುಖ್ಯವಾದುದು. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಪ್ರತ್ಯೇಕ ಸ್ನಾತಕೋತ್ತರ ವಿಭಾಗವಿದೆ. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ತಾಲ್ಲೂಕುಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಜಿಲ್ಲೆ ಬೇರೆಯಾದರೂ ಹೆಚ್ಚಿನ ಓದಿಗೆ ಧಾರವಾಡದ ದಾರಿ ಹಿಡಿಯುವ ರೂಢಿ ಉಳಿದುಕೊಂಡಿತು. ಈಚೆಗೆ ಹಾವೇರಿಗೆ ತನ್ನದೇ ವಿಶ್ವವಿದ್ಯಾಲಯವೂ ಬಂದಿದೆ.

ರಾಜ್ಯದ ಬಹುತೇಕ ಕಾನೂನು ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರುತ್ತವೆ. ರಾಣೆಬೆನ್ನೂರಿನ ಆರ್.ಟಿ.ಇ.ಎಸ್. ಕಾನೂನು ಕಾಲೇಜಿನಿಂದಾಗಿ ಸುತ್ತಲಿನ ಹಳ್ಳಿಗಳ ಮಕ್ಕಳು ಮನೆಯಿಂದಲೇ ಓಡಾಡಿ ಕಾನೂನು ಓದುವುದು ಸಾಧ್ಯವಾಗಿದೆ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಧಾರವಾಡ ಆವರಣಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯ ಅದೇ ವರ್ಷ ಶಿವಮೊಗ್ಗದಲ್ಲಿ ಆವರಣ ತೆರೆಯಿತು. ಹತ್ತು ವರ್ಷಗಳ ಹಿಂದೆ ದೂರದೂರಿಗೆ ಹೋಗಿ ಕಲಿಯಬೇಕಾಗಿದ್ದ ವಿಷಯಗಳು ಹೀಗೆ ಬಸ್ಸಿನ ದಾರಿಗೆ ಬಂದಿವೆ. ಅಷ್ಟೇ ಬೇಗ ಅವುಗಳ ಶುಲ್ಕವೂ ಊರಿನ ಕುಟುಂಬಗಳ ಲೆಕ್ಕಕ್ಕೆ ಬಂದಿದೆ.

ಮನೆಯ ಆದಾಯದ ಸ್ವರೂಪ

ಮೂರೂ ಪಟ್ಟಣಗಳು ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿವೆ, ಮೂರೂ ಕೃಷಿ ಮಾರುಕಟ್ಟೆಯ ಊರುಗಳು. ಬ್ಯಾಡಗಿಯ ಹೆಸರಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಕಡ್ಡಿ ಮತ್ತು ಡಬ್ಬಿ ತಳಿಗಳಿಗೆ ದೇಶವಿಡೀ ಬೇಡಿಕೆಯಿದೆ. ರಾಣೆಬೆನ್ನೂರು ಹತ್ತಿಗೂ ಬೀಜೋತ್ಪಾದನೆಗೂ ಹೆಸರಾದರೆ, ಹಾವೇರಿಯ ಸುತ್ತ ಗೋವಿನಜೋಳದ ಹೊಲಗಳು ಹಬ್ಬಿವೆ. ಇಲ್ಲಿ ಹಣ ತಿಂಗಳಿಗೊಮ್ಮೆ ಬರುವುದಿಲ್ಲ, ಸುಗ್ಗಿಗೊಮ್ಮೆ ಬರುತ್ತದೆ. ಎಷ್ಟು ಬರುತ್ತದೆ ಎಂಬುದೂ ದರದ ಮೇಲೆ ನಿಂತಿದೆ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಒಮ್ಮೆಗೇ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರ ಸಿಟ್ಟು ಸ್ಫೋಟಿಸಿತು, ವಾಹನಗಳಿಗೆ ಬೆಂಕಿ ಬಿತ್ತು. ಆ ವರ್ಷ ಮಕ್ಕಳ ಶುಲ್ಕಕ್ಕೆಂದು ಮೆಣಸಿನಕಾಯಿ ದಾಸ್ತಾನಿಟ್ಟುಕೊಂಡಿದ್ದ ಮನೆಗಳಿಗೆ ಆ ದಿನದ ದರ ಕಾಲೇಜಿನ ಪ್ರಶ್ನೆಯೂ ಆಗಿತ್ತು.

ಬ್ಯಾಂಕಿನ ಕಂತಾದರೋ ತಿಂಗಳಿಗೊಮ್ಮೆ ಬರುತ್ತದೆ. ಸುಗ್ಗಿಯ ಆದಾಯಕ್ಕೂ ತಿಂಗಳ ಕಂತಿಗೂ ನಡುವೆ ಬೀಳುವ ಈ ಅಂತರವನ್ನು ತುಂಬಲು ಕುಟುಂಬಗಳು ಕೈಗಡ, ಬಂಗಾರದ ಅಡವು, ಸಂಘದ ಸಾಲ, ಮೈಕ್ರೋ ಫೈನಾನ್ಸ್‌ಗಳತ್ತ ತಿರುಗುತ್ತವೆ. 2025ರ ಜನವರಿಯಲ್ಲಿ ವಸೂಲಿಯ ಕಿರುಕುಳ ತಾಳದ ಹಾವೇರಿ ಜಿಲ್ಲೆಯ ಮಹಿಳೆಯರು ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿ ಪ್ರತಿಭಟಿಸಿದರು. ಮುಂದಿನ ತಿಂಗಳು ರಾಜ್ಯ ಸರ್ಕಾರ ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ಈಗಾಗಲೇ ಸಾಲದಲ್ಲಿರುವ ಮನೆಗೆ ಶಿಕ್ಷಣ ಸಾಲ ಮೇಲಿನ ಹೊರೆಯಾಗುತ್ತದೆ, ಉತಾರದಲ್ಲಿ ಬೋಜಾ ಕೂಡಿಸಿ ಮಾಡುವ ಸಾಲ ಹೊಲವನ್ನೇ ಪಣಕ್ಕಿಡುತ್ತದೆ. ಪದವಿಯ ಆಯ್ಕೆಯನ್ನು ಇಲ್ಲಿ ಇಷ್ಟು ನಿಷ್ಠುರವಾಗಿ ತೂಗಬೇಕಾಗಿರುವುದು ಇದೇ ಕಾರಣಕ್ಕೆ.

ಯಾವ ಹುದ್ದೆಗೆ ಯಾವ ಪದವಿ

ನೇಮಕಾತಿಯ ನಿಯಮಗಳನ್ನು ಓದಿದರೆ ಒಂದು ಸತ್ಯ ಎದ್ದು ಕಾಣುತ್ತದೆ. ಖಾಕಿ ಹುದ್ದೆಗಳು ಅಪರಾಧಶಾಸ್ತ್ರದ ಪದವಿಯನ್ನು ಕೇಳುವುದಿಲ್ಲ. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ದ್ವಿತೀಯ ಪಿಯುಸಿ ಸಾಕು. ಪಿಎಸ್‌ಐ ಹುದ್ದೆಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಯಾವುದೇ ಪದವಿ ನಡೆಯುತ್ತದೆ. ಕನ್ನಡ ಸಾಹಿತ್ಯ ಓದಿದವರೂ ವಾಣಿಜ್ಯ ಓದಿದವರೂ ಅಪರಾಧಶಾಸ್ತ್ರ ಓದಿದವರೂ ಒಂದೇ ಪ್ರಶ್ನೆಪತ್ರಿಕೆ ಬರೆಯುತ್ತಾರೆ, ಒಂದೇ ಮೈದಾನದಲ್ಲಿ ಓಡುತ್ತಾರೆ. ಅಲ್ಲಿ ಆಯ್ಕೆಯನ್ನು ತೀರ್ಮಾನಿಸುವುದು ಲಿಖಿತ ಪರೀಕ್ಷೆ, ದೈಹಿಕ ಸಾಮರ್ಥ್ಯ, ಮೀಸಲಾತಿ. ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೂ ಮೀಸಲಾತಿ ಇದೆ, ಮಹಿಳೆಯರಿಗೆ ಶೇ 25ರಷ್ಟು ಸ್ಥಾನಗಳಿವೆ. ಸಾಮಾನ್ಯವಾಗಿ ಪುರುಷರಿಗೆ 168 ಸೆಂ.ಮೀ., ಮಹಿಳೆಯರಿಗೆ 157 ಸೆಂ.ಮೀ. ಎತ್ತರ ಬೇಕು. ಎತ್ತರ ಸಾಲದ ಅಭ್ಯರ್ಥಿಯನ್ನು ಯಾವ ಪದವಿಯೂ ಒಳಗೆ ಬಿಡಿಸಲಾರದು. ಪೊಲೀಸ್ ಕೆಲಸಕ್ಕೆಂದೇ ದುಬಾರಿ ಕೋರ್ಸ್ ಸೇರುವವರು ಮೊದಲು ನಿಲ್ಲಬೇಕಾದದ್ದು ಅಳತೆಗೋಲಿನ ಮುಂದೆ.

ಕಾನೂನು ಪದವಿಯ ಮಾತು ಬೇರೆ. ವಕೀಲಿಕೆ, ಸಹಾಯಕ ಸರ್ಕಾರಿ ಅಭಿಯೋಜಕ, ಸಿವಿಲ್ ನ್ಯಾಯಾಧೀಶ ಈ ಮೂರಕ್ಕೂ ಅದೇ ಬೇಕು, ಬೇರೆ ಪದವಿ ನಡೆಯುವುದಿಲ್ಲ. ವಿಧಿವಿಜ್ಞಾನ ಪ್ರಯೋಗಾಲಯಗಳ ವೈಜ್ಞಾನಿಕ ಹುದ್ದೆಗಳಿಗೆ ವಿಜ್ಞಾನದ ಪದವಿ ಬೇಕು, ಕಲಾ ವಿಭಾಗದಲ್ಲಿ ಅಪರಾಧಶಾಸ್ತ್ರ ಓದಿದವರಿಗೆ ಆ ದಾರಿ ಮುಚ್ಚಿರುತ್ತದೆ. ಹೆಸರು ಒಂದೇ ಕುಟುಂಬದ್ದಾದರೂ ದಾರಿ ಬೇರೆ ಎಂಬುದನ್ನು ಪಿಯುಸಿಯಲ್ಲಿ ವಿಭಾಗ ಆರಿಸುವಾಗಲೇ ಅರಿಯಬೇಕು. ಮಕ್ಕಳ ರಕ್ಷಣಾ ಘಟಕ, ಪರಿವೀಕ್ಷಣಾಧಿಕಾರಿ, ಸ್ವಯಂಸೇವಾ ಸಂಸ್ಥೆಗಳ ಕೆಲಸಕ್ಕೆ ಅಪರಾಧಶಾಸ್ತ್ರ ಅಥವಾ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ನೆರವಾಗುತ್ತದೆ. ಆದರೆ ಅಂಥ ಹುದ್ದೆಗಳಲ್ಲಿ ಹಲವು ಗುತ್ತಿಗೆಯವು.

ವಿಧಿವಿಜ್ಞಾನಕ್ಕೆ ಈಚೆಗೆ ಬೇಡಿಕೆ ಹೆಚ್ಚಿರುವುದಕ್ಕೆ ಕಾನೂನಿನಲ್ಲೇ ಆಧಾರವಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, 7 ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಬೇಕು ಎನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷಗಳವರೆಗೆ ಅವಕಾಶವಿದೆ. ಕರ್ನಾಟಕ ಪೊಲೀಸ್ ಇಲಾಖೆ ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿಗಳ ಪ್ರತ್ಯೇಕ ಹುದ್ದೆಗಳನ್ನೇ ಸೃಷ್ಟಿಸಿದೆ.

ಸಂಬಳದ ಚಿತ್ರ

ರಾಜ್ಯದ 7ನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದಾಗ ಸರ್ಕಾರಿ ನೌಕರರ ಕನಿಷ್ಠ ಮೂಲವೇತನ 17,000 ರೂಪಾಯಿಯಿಂದ 27,000ಕ್ಕೆ ಏರಿತು. ಕಾನ್‌ಸ್ಟೆಬಲ್‌ಗಳ ಆರಂಭಿಕ ಮೂಲವೇತನ 23,500ರಿಂದ 37,500 ಆಯಿತು. ಹಿಂದೆ 37,900 ಇದ್ದ ಪಿಎಸ್‌ಐ ಮೂಲವೇತನ 60,000 ದಾಟಿತು. ಇದರ ಮೇಲೆ ತುಟ್ಟಿಭತ್ಯೆ, ಮನೆಬಾಡಿಗೆ ಭತ್ಯೆ ಸೇರುತ್ತವೆ. ಎರಡನೇ ರಾಷ್ಟ್ರೀಯ ನ್ಯಾಯಾಂಗ ವೇತನ ಆಯೋಗದ ಪ್ರಕಾರ ಕಿರಿಯ ಶ್ರೇಣಿಯ ಸಿವಿಲ್ ನ್ಯಾಯಾಧೀಶರ ಆರಂಭಿಕ ಮೂಲವೇತನ 77,840 ರೂಪಾಯಿ.

ವಕೀಲಿಕೆಗೆ ಇಂಥ ಶ್ರೇಣಿಯಿಲ್ಲ. ಮೂರೂ ಊರುಗಳಲ್ಲಿ ನ್ಯಾಯಾಲಯಗಳಿವೆ, ಪ್ರಧಾನ ಜಿಲ್ಲಾ ನ್ಯಾಯಾಲಯ ಹಾವೇರಿಯಲ್ಲಿದೆ. ಹೊಸ ವಕೀಲರು ಹಿರಿಯರೊಬ್ಬರ ಕಚೇರಿಯಲ್ಲಿ ಕೆಲಸ ಕಲಿಯುತ್ತಾರೆ, ಹಿರಿಯರು ಕೊಟ್ಟಷ್ಟು ಪಡೆಯುತ್ತಾರೆ. ಕಿರಿಯರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸಲಹೆ ಮಾಡಿತು. ಅದು ಸಲಹೆಯೇ ಹೊರತು ಆಜ್ಞೆಯಲ್ಲ. ಹಿಂದುಳಿದ ವರ್ಗಗಳ ಮತ್ತು ಪರಿಶಿಷ್ಟರ ಕಾನೂನು ಪದವೀಧರರಿಗೆ ವಕೀಲಿ ತರಬೇತಿಯ ಅವಧಿಯಲ್ಲಿ ರಾಜ್ಯದ ಇಲಾಖೆಗಳು ಶಿಷ್ಯವೇತನ ಕೊಡುತ್ತವೆ. 2022ರಿಂದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಗಳ ಮೂಲಕ ಬಂದ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆ, ಬಡ ಆರೋಪಿಗಳ ಪರ ವಾದಿಸುವವರಿಗೆ ಗೊತ್ತಾದ ಗೌರವಧನದ ದಾರಿ ತೆರೆದಿದೆ.

ಶಿಕ್ಷಣ ಸಾಲದ ನಿಯಮಗಳು

ಬ್ಯಾಂಕುಗಳ ಸಂಘದ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಬೇಕಿಲ್ಲ, ಕೈಯಿಂದ ಪಾಲು ಹಾಕುವುದೂ ಬೇಕಿಲ್ಲ. 7.5 ಲಕ್ಷ ಮೀರಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತಾರೆ. ಓದು ಮುಗಿದು ಒಂದು ವರ್ಷದವರೆಗೆ ಕಂತಿಗೆ ಬಿಡುವಿರುತ್ತದೆ, ತೀರಿಸಲು 15 ವರ್ಷಗಳವರೆಗೆ ಅವಕಾಶವಿದೆ. ಬಿಡುವಿನ ಕಾಲದಲ್ಲೂ ಸರಳ ಬಡ್ಡಿ ಕೂಡುತ್ತಲೇ ಹೋಗುತ್ತದೆ ಎಂಬುದು ಅನೇಕ ಪಾಲಕರಿಗೆ ಅರಿವಾಗುವುದು ಮೊದಲ ಕಂತಿನ ನೋಟಿಸು ಮನೆಗೆ ಬಂದಾಗ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಯೋಜನೆಯಡಿ ಬಿಡುವಿನ ಕಾಲದ ಬಡ್ಡಿಯನ್ನು ಸರ್ಕಾರವೇ ಭರಿಸುತ್ತದೆ. ಇದು ಮಾನ್ಯತೆ ಪಡೆದ ಸಂಸ್ಥೆಗಳ ವೃತ್ತಿಪರ ಮತ್ತು ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಕಾನೂನು ಪದವಿ ವೃತ್ತಿಪರ ಓದು, ಸಾಮಾನ್ಯ ಬಿ.ಎ. ಅಲ್ಲ. 2024ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ, 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ 10 ಲಕ್ಷದವರೆಗಿನ ಸಾಲದ ಮೇಲೆ ಬಿಡುವಿನ ಕಾಲದಲ್ಲಿ ಶೇ 3ರ ಬಡ್ಡಿ ರಿಯಾಯಿತಿ ನೀಡುತ್ತದೆ. ಅದು ಪಟ್ಟಿಯಲ್ಲಿರುವ ಉನ್ನತ ಗುಣಮಟ್ಟದ ಸಂಸ್ಥೆಗಳಿಗೆ ಸೀಮಿತ. ಪ್ರವೇಶ ಶುಲ್ಕ ಕಟ್ಟುವ ಮುನ್ನ ಕಾಲೇಜು ಯಾವ ಪಟ್ಟಿಯಲ್ಲಿದೆ ಎಂದು ಬ್ಯಾಂಕಿನಲ್ಲಿ ಕೇಳುವುದರಿಂದ ಲಕ್ಷ ರೂಪಾಯಿ ಉಳಿಯಬಹುದು.

ಲೆಕ್ಕದ ಮಾದರಿಗಳು

ಕೆಳಗಿನವು ವಿವರಣೆಗಾಗಿ ಮಾಡಿದ ಲೆಕ್ಕಗಳು. ಬಡ್ಡಿ ಶೇ 10 ಎಂದು ಇಟ್ಟುಕೊಳ್ಳಲಾಗಿದೆ.

ಮೊದಲನೆಯದು, ಊರಿನಿಂದ ಓಡಾಡಿ ಸರ್ಕಾರಿ ಅಥವಾ ಅನುದಾನಿತ ಕಾಲೇಜಿನಲ್ಲಿ ಪದವಿ ಓದಲು ವರ್ಷಕ್ಕೆ 20,000ದಂತೆ 3 ವರ್ಷ ಸಾಲ ಪಡೆದ ಮನೆ. ಕಂತು ಶುರುವಾಗುವ ಹೊತ್ತಿಗೆ 60,000 ಅಸಲು ಬಡ್ಡಿ ಸೇರಿ 78,000 ಆಗುತ್ತದೆ. 5 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 1,657 ರೂಪಾಯಿ ಸಾಕು. ಕೆಲಸ ತಡವಾದರೂ ಮನೆ ಇದನ್ನು ತಡೆದುಕೊಳ್ಳುತ್ತದೆ.

ಎರಡನೆಯದು, ಬೇರೆ ಊರಿನಲ್ಲಿದ್ದುಕೊಂಡು 3 ವರ್ಷದ ಕಾನೂನು ಓದಿಗೆ 4 ಲಕ್ಷ ಸಾಲ. ಮೂರು ಸಮ ಕಂತುಗಳಲ್ಲಿ ಹಣ ಪಡೆದರೆ ಬಿಡುವಿನ ಕಾಲದ ಬಡ್ಡಿಯೇ 1.2 ಲಕ್ಷ. ಒಟ್ಟು 5.2 ಲಕ್ಷಕ್ಕೆ 10 ವರ್ಷ ತಿಂಗಳಿಗೆ ಸುಮಾರು 6,872 ರೂಪಾಯಿ ಕಂತು, ಕಟ್ಟುವ ಒಟ್ಟು ಹಣ 8.25 ಲಕ್ಷದ ಸಮೀಪ. ಬಡ್ಡಿ ಸಹಾಯಧನ ಸಿಕ್ಕಿದರೆ ಕಂತು 5,286ಕ್ಕೆ ಇಳಿಯುತ್ತದೆ. ಆದಾಯ ಪ್ರಮಾಣಪತ್ರವನ್ನು ಸಕಾಲಕ್ಕೆ ಬ್ಯಾಂಕಿಗೆ ಕೊಡುವ ಆ ಒಂದು ಕೆಲಸದಿಂದ 10 ವರ್ಷದಲ್ಲಿ 1.9 ಲಕ್ಷ ರೂಪಾಯಿ ಉಳಿಯುತ್ತದೆ.

ಮೂರನೆಯದು, ಎರಡು ವರ್ಷದ ಸ್ನಾತಕೋತ್ತರ ವಿಧಿವಿಜ್ಞಾನಕ್ಕೆ 8 ಲಕ್ಷ. ಬಿಡುವು ಮುಗಿಯುವಾಗ 10 ಲಕ್ಷವಾಗಿರುತ್ತದೆ. 10 ವರ್ಷಕ್ಕೆ ತಿಂಗಳ ಕಂತು ಸುಮಾರು 13,215 ರೂಪಾಯಿ. 15 ವರ್ಷಕ್ಕೆ ಎಳೆದರೆ ಕಂತು 10,746ಕ್ಕೆ ಇಳಿಯುತ್ತದೆ, ಕಟ್ಟುವ ಒಟ್ಟು ಹಣ ಮಾತ್ರ 19 ಲಕ್ಷ ದಾಟುತ್ತದೆ.

6,872 ರೂಪಾಯಿಯ ಕಂತು ಹೊಸ ಕಾನ್‌ಸ್ಟೆಬಲ್‌ನ ಮೂಲವೇತನದಲ್ಲಿ ಶೇ 18, ಸಿವಿಲ್ ನ್ಯಾಯಾಧೀಶರ ಮೂಲವೇತನದಲ್ಲಿ ಶೇ 9. ಪರಿಷತ್ತು ಸಲಹೆ ಮಾಡಿದ 15,000 ರೂಪಾಯಿ ಪಡೆಯುವ ಕಿರಿಯ ವಕೀಲರಿಗೆ ಅದೇ ಕಂತು ಶೇ 46. ಒಂದೇ ಸಾಲ ಒಬ್ಬರಿಗೆ ಹಗುರ, ಇನ್ನೊಬ್ಬರಿಗೆ ಬೆನ್ನು ಮುರಿಯುವ ಭಾರ.

ಕಾಯುವ ವರ್ಷಗಳ ಬೆಲೆ

ಸಾಲದ ಲೆಕ್ಕದಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಓದು ಮುಗಿದ ದಿನಕ್ಕೂ ಮೊದಲ ಸಂಬಳಕ್ಕೂ ನಡುವಿನ ಕಾಲವನ್ನು. 545 ಪಿಎಸ್‌ಐ ಹುದ್ದೆಗಳ ಕಥೆ ಇದಕ್ಕೆ ಕಹಿ ಉದಾಹರಣೆ. 2021ರ ಜನವರಿಯಲ್ಲಿ ಅಧಿಸೂಚನೆ ಬಂತು, ಅಕ್ಟೋಬರ್ 3ರಂದು ಸುಮಾರು 54,000 ಜನ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆ ರದ್ದುಮಾಡಿತು. 2023ರ ನವೆಂಬರ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ರಂದು. ಪ್ರಾಮಾಣಿಕವಾಗಿ ಓದಿದವರ 3 ವರ್ಷಗಳನ್ನು ಇತರರ ಅಪರಾಧ ನುಂಗಿತು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿದ್ದರಿಂದ ಮತ್ತೊಂದು ಸುತ್ತು ಕಾಯಬೇಕಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಧಾರವಾಡದ ರಸ್ತೆಗಿಳಿದ ಅಭ್ಯರ್ಥಿಗಳ ಕೂಗಿನ ಬಳಿಕ ಸರ್ಕಾರ ಒಂದು ಬಾರಿಗೆ 3 ವರ್ಷ ವಯೋಮಿತಿ ಸಡಿಲಿಸಿತು. ಕಾಯುವಾಗಲೂ ಧಾರವಾಡದ ಸಪ್ತಾಪುರದಂಥ ಕಡೆ ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು, ಕೋಚಿಂಗ್ ಫೀ ತಿಂಗಳಿಗೊಮ್ಮೆ ಕಟ್ಟಲೇಬೇಕು. ಈ ಖರ್ಚಿಗೆ ಶಿಕ್ಷಣ ಸಾಲವೂ ಸಿಗುವುದಿಲ್ಲ, ಕೈಗಡವೇ ಗತಿ.

ಕಾನೂನಿನ ದಾರಿಯೂ ಉದ್ದವಾಗಿದೆ. ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕನಿಷ್ಠ 3 ವರ್ಷ ವಕೀಲಿಕೆ ಇರಬೇಕೆಂದು 2025ರ ಮೇ 20ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಸಾಲಕ್ಕೆ ಬಿಡುವು ಓದು ಮುಗಿದ ಮೇಲೆ ಒಂದೇ ವರ್ಷ. ಉಳಿದ 2 ವರ್ಷದ ಕಂತು, ಎರಡನೇ ಮಾದರಿಯ ಪ್ರಕಾರ ಸುಮಾರು 1.65 ಲಕ್ಷ ರೂಪಾಯಿ, ಕಿರಿಯ ವಕೀಲಿಕೆಯ ಅಲ್ಪ ಗಳಿಕೆಯಿಂದಲೋ ತಂದೆತಾಯಿಯ ಹೊಲದಿಂದಲೋ ಬರಬೇಕು. ಅನುಭವವಿಲ್ಲದ ನ್ಯಾಯಾಧೀಶರು ಬೇಡವೆಂಬ ಆಶಯ ಸರಿಯಾದದ್ದು. ಅದರ ವೆಚ್ಚ ಬಡ ಮನೆಯ ಮೇಲೆ ಹೆಚ್ಚು ಬೀಳುತ್ತದೆ ಎಂಬುದೂ ಅಷ್ಟೇ ನಿಜ.

ಮಾನ್ಯತೆಯ ಪ್ರಶ್ನೆ ಮತ್ತು ಹೊರನಾಡಿನ ಪಾಠ

ಅಮೆರಿಕದಲ್ಲಿ ಅಪರಾಧ ನ್ಯಾಯ ಪದವಿ ಸಾಲದ ಬಲೆಯಾದ ಪ್ರಕರಣಗಳು ದಾಖಲಾಗಿವೆ. ವೆಸ್ಟ್‌ವುಡ್ ಕಾಲೇಜು ಇಲಿನಾಯ್ ರಾಜ್ಯದಲ್ಲಿ ಪೊಲೀಸ್ ಕೆಲಸದ ಆಸೆ ತೋರಿಸಿ ಈ ಪದವಿಗೆ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು, ಆದರೆ ಅದರ ಮಾನ್ಯತೆಯನ್ನು ಅಲ್ಲಿನ ಪ್ರಮುಖ ಪೊಲೀಸ್ ಇಲಾಖೆಗಳು ಒಪ್ಪುತ್ತಿರಲಿಲ್ಲ. ರಾಜ್ಯದ ಅಟಾರ್ನಿ ಜನರಲ್ 2012ರಲ್ಲಿ ಮೊಕದ್ದಮೆ ಹೂಡಿದರು. 2015ರ ರಾಜಿಯಲ್ಲಿ 1.5 ಕೋಟಿ ಡಾಲರ್ ಖಾಸಗಿ ಸಾಲ ಮನ್ನಾ ಆಯಿತು. ವೃತ್ತಿ ಕೋರ್ಸುಗಳ ಪದವೀಧರರ ವಾರ್ಷಿಕ ಕಂತು ಅವರ ವಾರ್ಷಿಕ ಗಳಿಕೆಯ ಶೇ 8ನ್ನು ಮೀರಬಾರದೆಂಬ ಅಳತೆಯನ್ನೂ ಅಲ್ಲಿನ ಶಿಕ್ಷಣ ಇಲಾಖೆ ರೂಪಿಸಿತ್ತು. ಆ ಅಳತೆಯನ್ನು ಬ್ಯಾಡಗಿಗೆ ತಂದರೆ, ವರ್ಷಕ್ಕೆ 4.5 ಲಕ್ಷ ಮೂಲವೇತನದ ಕಾನ್‌ಸ್ಟೆಬಲ್ ತಿಂಗಳಿಗೆ 3,000 ರೂಪಾಯಿ ಕಂತನ್ನಷ್ಟೇ ಹೊರಬಲ್ಲರು. ಅಂದರೆ 10 ವರ್ಷದಲ್ಲಿ ತೀರಿಸುವುದಾದರೆ ಓದುವಾಗ ಪಡೆದ ಅಸಲು 1.75 ಲಕ್ಷದ ಆಸುಪಾಸು ಇರಬೇಕು.

ನಮ್ಮ ರಾಜ್ಯಕ್ಕೂ ಮಾನ್ಯತೆಯ ಪೆಟ್ಟು ಬಿದ್ದಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2015ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮಾನ್ಯತೆ ನವೀಕರಿಸದಿದ್ದಾಗ, 2012–13ರ ನಂತರದ ಪದವಿ ಹಿಡಿದ ಸಾವಿರಾರು ಜನ ನೇಮಕಾತಿಯ ಬಾಗಿಲಲ್ಲಿ ಪರದಾಡಿದರು. 2018ರಲ್ಲಿ ಮಾನ್ಯತೆ ಮರಳಿತು, ಕಳೆದ ವರ್ಷಗಳು ಮರಳಲಿಲ್ಲ.

ಖರ್ಚು ಇಳಿಸುವ ದಾರಿಗಳು

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬ್ಯಾಡಗಿಯ ಹುಡುಗಿ ರಾಣೆಬೆನ್ನೂರಿಗೋ ಹಾವೇರಿಗೋ ಓದಲು ಹೋಗಿಬರಲು ಟಿಕೆಟ್ ಹಣ ಬೇಕಿಲ್ಲ. ಇದೇ ಜಿಲ್ಲೆಯ ಶಿಗ್ಗಾಂವಿಯಿಂದ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ 2021ರಲ್ಲಿ ಮುಖ್ಯಮಂತ್ರಿಯಾದಾಗ ಆರಂಭಿಸಿದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ಸಾಮಾನ್ಯ ಪದವಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500, ಕಾನೂನಿಗೆ 7,500 ಮತ್ತು 8,000 ರೂಪಾಯಿ ಗೊತ್ತುಮಾಡಲಾಗಿತ್ತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಡಿ ತಿಂಗಳಿಗೆ 1,500ರಂತೆ 10 ತಿಂಗಳು ನೆರವಿದೆ. ವಕೀಲರ ನೋಂದಣಿಗೆ ಸಾವಿರಾರು ರೂಪಾಯಿ ಕೇಳುತ್ತಿದ್ದ ಪದ್ಧತಿಗೆ ಸುಪ್ರೀಂ ಕೋರ್ಟ್ 2024ರ ಜುಲೈ 30ರಂದು ತಡೆಹಾಕಿ, ಸಾಮಾನ್ಯರಿಗೆ 750, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದೆಂದಿತು. ಬಿಡಿಯಾಗಿ ನೋಡಿದರೆ ಇವು ಸಣ್ಣ ಮೊತ್ತಗಳು. ಒಟ್ಟುಗೂಡಿಸಿದರೆ ಮೊದಲ ಮಾದರಿಯ 60,000 ರೂಪಾಯಿ ಸಾಲದ ದೊಡ್ಡ ಪಾಲನ್ನೇ ತಪ್ಪಿಸಬಲ್ಲವು.

ಆಯ್ಕೆಯ ಕ್ರಮ

ಈ ಎಲ್ಲದರಿಂದ ಹೊರಡುವ ಸೂತ್ರ ಒಂದೇ. ನೇಮಕಾತಿಯ ಅಧಿಸೂಚನೆ ಯಾವ ಪದವಿಯನ್ನು ಹೆಸರು ಹಿಡಿದು ಕೇಳುತ್ತದೋ ಅದಕ್ಕೆ ಸಾಲ ಮಾಡುವುದರಲ್ಲಿ ಅರ್ಥವಿದೆ. ಯಾವುದೇ ಪದವಿ ಸಾಕು ಎನ್ನುವ ಹುದ್ದೆಗೆ ದುಬಾರಿ ಪದವಿ ಕೊಳ್ಳಬೇಕಾಗಿಲ್ಲ. ಪೊಲೀಸ್ ಆಗಬೇಕೆನ್ನುವವರು ಮನೆಗೆ ಹತ್ತಿರದ ಅಗ್ಗದ ಪದವಿ ಓದಿ, ಆಸಕ್ತಿಯಿದ್ದರೆ ಅಪರಾಧಶಾಸ್ತ್ರವನ್ನು ಅದರೊಳಗಿನ ಒಂದು ವಿಷಯವಾಗಿ ಆರಿಸಿ, ಉಳಿದ ಹಣವನ್ನು ಕಾಯುವ ವರ್ಷಗಳಿಗೆ ಇಟ್ಟುಕೊಳ್ಳುವುದು ಕ್ಷೇಮ. ವಕೀಲಿಕೆ ಬಯಸುವವರು ಮೊದಲ ಮೂರು ವರ್ಷದ ಅಲ್ಪ ಗಳಿಕೆಯಲ್ಲಿ ಕಟ್ಟಬಹುದಾದಷ್ಟೇ ಸಾಲ ಮಾಡಬೇಕು. ವಿಧಿವಿಜ್ಞಾನ ಬಯಸುವವರು ಪಿಯುಸಿಯಿಂದಲೇ ವಿಜ್ಞಾನ ಹಿಡಿಯಬೇಕು.

ಅಪರಾಧಶಾಸ್ತ್ರದ ಓದು ವ್ಯರ್ಥವೆಂದು ಇದರ ಅರ್ಥವಲ್ಲ. ಕಳ್ಳನಾಗುವ ಮುನ್ನ ಒಬ್ಬ ಹುಡುಗ ಏನಾಗಿದ್ದ, ನೊಂದವರು ಠಾಣೆಯ ಮೆಟ್ಟಿಲು ಹತ್ತಲು ಏಕೆ ಹೆದರುತ್ತಾರೆ ಎಂದು ಕೇಳಲು ಕಲಿಸುವ ವಿಷಯ ಅದು. ಆ ಪ್ರಶ್ನೆಗಳನ್ನು ಕಲಿತ ಪಿಎಸ್‌ಐ ಒಬ್ಬರು ಠಾಣೆಯಲ್ಲಿದ್ದರೆ ಊರಿಗೆ ಒಳಿತು. ಅಂಥವರು ಹೊಲದ ಮೇಲಿನ ಬೋಜಾ ಹೊತ್ತು ಕೆಲಸಕ್ಕೆ ಸೇರಬಾರದು. ಸಾಲದ ಭಯವಿಲ್ಲದ ಅಧಿಕಾರಿಗೆ ನೇರವಾಗಿರುವುದು ಸುಲಭ, ಕಂತಿನ ಒತ್ತಡವಿಲ್ಲದ ವಕೀಲರಿಗೆ ಬಡವರ ಕೇಸು ಹಿಡಿಯುವುದು ಸುಲಭ. ಪದವಿ ಆರಿಸುವ ದಿನ ಮನೆಯವರೆಲ್ಲ ಕೂತು ಮಾಡುವ ಈ ಲೆಕ್ಕದ ಫಲ ಆ ಮನೆಗಷ್ಟೇ ಅಲ್ಲ, ನ್ಯಾಯ ಕೇಳಿಕೊಂಡು ಬರುವವರಿಗೂ ಸಲ್ಲುತ್ತದೆ.